ಗೂಳಿ ತಂಡದ ಮೊದಲ ಗೆಲುವು

ಬುಟ್ಟಿ ಚೆಂಡಿನ ಆಟ ನೋಡಿದ್ದೀರಾ? ಇದಕ್ಕೆ ಬ್ಯಾಸ್ಕೆಟ್‌ಬಾಲ್ ಅಂತಾರೆ. ಒಂದೊಂದು ತಂಡದಿಂದ ಐದೈದು ಜನ ಅಂಗಳಕ್ಕೆ ಇಳಿಯುತ್ತಾರೆ. ಅಂಗಳದ ಎರಡೂ ತುದಿಯಲ್ಲಿ ಒಂದೊಂದು ಕಬ್ಬಿಣದ ಬಳೆ ಇರುತ್ತದೆ. ಅದು ನೆಲದಿಂದ 10 ಅಡಿ ಎತ್ತರ. ಬಳೆಗೆ ತಳವಿಲ್ಲದ ಬಲೆ ಕಟ್ಟಿರುತ್ತಾರೆ. ಅದೇ ಬುಟ್ಟಿ. ಅದರೊಳಗೆ ಚೆಂಡು ಹಾಕಿದರೆ 2 ಅಂಕ. ದೂರದ ಗೆರೆಯ ಆಚೆಯಿಂದ ಹಾಕಿದರೆ 3 ಅಂಕ. ಚೆಂಡನ್ನು ಹಿಡಿದುಕೊಂಡು ಓಡುವಂತಿಲ್ಲ. ನೆಲಕ್ಕೆ ಪುಟಿಸುತ್ತಾ ಹೋಗಬೇಕು. ಇಲ್ಲವೇ ಜೊತೆಗಾರನಿಗೆ ಎಸೆಯಬೇಕು.

ಅಮೆರಿಕ ದೇಶದಲ್ಲಿ ಈ ಆಟವೇ ಕೆಲವರಿಗೆ ಉದ್ಯೋಗ. ಆಡುವುದಕ್ಕೆ ಸಂಬಳ ಸಿಗುತ್ತದೆ. ಅಲ್ಲಿನ ದೊಡ್ಡ ಪಂದ್ಯಾವಳಿಯ ಹೆಸರು ಎನ್‌ಬಿಎ. ಅದರಲ್ಲಿ ಷಿಕಾಗೋ ನಗರದ ಒಂದು ತಂಡವಿದೆ. ಅದರ ಹೆಸರು ಬುಲ್ಸ್. ಬುಲ್ಸ್ ಅಂದ್ರೆ ಗೂಳಿಗಳು. ಈ ತಂಡ ಹುಟ್ಟಿದ್ದು 1966ರಲ್ಲಿ. ವರ್ಷಗಳು ಉರುಳಿದವು. ಆದರೆ ಒಮ್ಮೆಯೂ ಪ್ರಶಸ್ತಿ ಬರಲಿಲ್ಲ.

ಒಬ್ಬರೇ ಆಡಿದರು

1984ರಲ್ಲಿ ಮೈಕೆಲ್ ಜೋರ್ಡನ್ ಎಂಬ ಯುವಕ ತಂಡಕ್ಕೆ ಬಂದರು. ಆಗ ಅವರಿಗೆ 21 ವರ್ಷ. ಅವರು ನೆಗೆದರೆ ಗಾಳಿಯಲ್ಲೇ ನಿಂತ ಹಾಗೆ ಕಾಣುತ್ತಿತ್ತು. 1986ರಲ್ಲಿ ಬಾಸ್ಟನ್ ತಂಡದ ಮೇಲೆ ಒಂದೇ ಪಂದ್ಯದಲ್ಲಿ 63 ಅಂಕ ಗಳಿಸಿದರು. ಜನ ಬೆರಗಾದರು. ಆದರೂ ತಂಡ ಸೋತಿತು.

ಮುಂದಿನ ಸಾಲಿನಲ್ಲಿ ಜೋರ್ಡನ್ ಪಂದ್ಯವೊಂದಕ್ಕೆ ಸರಾಸರಿ 37 ಅಂಕ ಗಳಿಸಿದರು. ಅಷ್ಟು ಅಂಕ ಬೇರೆ ಯಾರೂ ಗಳಿಸಲಿಲ್ಲ. ತಂಡ ಆಡಿದ್ದು 82 ಪಂದ್ಯ. ಗೆದ್ದದ್ದು 40, ಸೋತದ್ದು 42! ಒಂದು ಕೈ ತಟ್ಟಿದರೆ ಚಪ್ಪಾಳೆ ಆಗುವುದಿಲ್ಲ, ಅಲ್ವೇ?

1987ರಲ್ಲಿ ಸ್ಕಾಟಿ ಪಿಪ್ಪೆನ್ ಬಂದರು. ಅವರದು ಬಡ ಮನೆ. 12 ಮಕ್ಕಳಲ್ಲಿ ಅವರೇ ಕೊನೆಯವರು. ಅದೇ ವರ್ಷ ಹೊರೇಸ್ ಗ್ರಾಂಟ್ ಕೂಡ ಸೇರಿದರು. ತಂಡಕ್ಕೆ ಬಲ ಬಂತು. ಆದರೆ ಡೆಟ್ರಾಯಿಟ್ ನಗರದ ಪಿಸ್ಟನ್ಸ್ ತಂಡ ದಾರಿಗೆ ಅಡ್ಡ ನಿಂತಿತು. ಜೋರ್ಡನ್ ಕೈಗೆ ಚೆಂಡು ಬಂದರೆ ಸಾಕು, ಅವರಲ್ಲಿ ಇಬ್ಬರು ಮೂವರು ಬಂದು ಮುತ್ತುತ್ತಿದ್ದರು. ಜೋರ್ಡನ್‌ರನ್ನು ತಡೆದರೆ ತಂಡವನ್ನೇ ತಡೆದಂತೆ ಎಂದು ಅವರಿಗೆ ಗೊತ್ತಿತ್ತು. 1988, 1989, 1990 — ಮೂರು ವರ್ಷವೂ ಬುಲ್ಸ್ ಅವರ ಕೈಯಲ್ಲೇ ಸೋತಿತು.

ಐದೂ ಜನ ಆಡಿದರು

1989ರಲ್ಲಿ ಫಿಲ್ ಜಾಕ್ಸನ್ ಮುಖ್ಯ ತರಬೇತುದಾರರಾದರು. ಅವರ ಜೊತೆಗೆ ಟೆಕ್ಸ್ ವಿಂಟರ್ ಎಂಬ ಹಿರಿಯರಿದ್ದರು. ಅವರು ಒಂದು ಆಟದ ಕ್ರಮ ಕಲಿಸಿದರು. ಮೂವರು ಆಟಗಾರರು ಮುಕ್ಕೋನದ ಹಾಗೆ ನಿಲ್ಲಬೇಕು. ಚೆಂಡು ಒಬ್ಬರ ಕೈಯಲ್ಲೇ ಉಳಿಯಬಾರದು. ಯಾರ ಮುಂದೆ ಎದುರಾಳಿ ಇಲ್ಲವೋ ಅವರಿಗೆ ಹೋಗಬೇಕು. ಜೋರ್ಡನ್‌ಗೆ ಮೊದಮೊದಲು ಇದು ಹಿಡಿಸಲಿಲ್ಲ. ತಾನೇ ಹಾಕಬಲ್ಲ ಚೆಂಡನ್ನು ಇನ್ನೊಬ್ಬರಿಗೆ ಕೊಡೋದು ಸುಲಭವೇ? ಅದಕ್ಕೆ ನಂಬಿಕೆ ಬೇಕು. ನಂಬಿಕೆ ಬೆಳೆಯಲು ಕಾಲ ಬೇಕು.

1990-91ರ ಸಾಲು ಬಂತು. ಜೋರ್ಡನ್ ಸರಾಸರಿ 31 ಅಂಕಕ್ಕೆ ಇಳಿಯಿತು. ತಂಡ 61 ಪಂದ್ಯ ಗೆದ್ದಿತು! ಪಿಸ್ಟನ್ಸ್ ಮತ್ತೆ ಎದುರಾಯಿತು. ಈ ಸಲ ಬುಲ್ಸ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದಿತು.

ಕೊನೆಯ ಸುತ್ತಿನಲ್ಲಿ ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡ ಎದುರಾಯಿತು. ನಾಲ್ಕು ಪಂದ್ಯ ಮೊದಲು ಗೆದ್ದವರಿಗೆ ಪ್ರಶಸ್ತಿ. ಮೊದಲ ಪಂದ್ಯ ಬುಲ್ಸ್ ಸೋತಿತು, ಬರೀ 2 ಅಂಕದಿಂದ. ಮುಂದಿನ ಮೂರನ್ನು ಗೆದ್ದಿತು.

1991ರ ಜೂನ್ 12. ಐದನೆಯ ಪಂದ್ಯ. ಕೊನೆಯ ಹೊತ್ತಿನಲ್ಲಿ ಇನ್ನೂ ಜಿದ್ದಾಜಿದ್ದಿ. ಎದುರಾಳಿಗಳು ಜೋರ್ಡನ್‌ರನ್ನೇ ಮುತ್ತಿದ್ದರು. ಹಾಗಾದರೆ ಬಿಡುವಾಗಿ ನಿಂತವರು ಯಾರು ಎಂದು ಜಾಕ್ಸನ್ ಕೇಳಿದರು. ಪ್ಯಾಕ್ಸನ್ ಎಂದರು ಜೋರ್ಡನ್. ಜಾನ್ ಪ್ಯಾಕ್ಸನ್ ದೊಡ್ಡ ಹೆಸರಿನ ಆಟಗಾರರಲ್ಲ. ಆದರೆ ಗುರಿ ಗಟ್ಟಿ. ಜೋರ್ಡನ್ ಚೆಂಡು ಕೊಟ್ಟರು. ಪ್ಯಾಕ್ಸನ್ ಒಂದಾದ ಮೇಲೊಂದು ಬುಟ್ಟಿಗೆ ಹಾಕಿದರು. ಆ ದಿನ ಪಿಪ್ಪೆನ್ 32, ಜೋರ್ಡನ್ 30, ಪ್ಯಾಕ್ಸನ್ 20 ಅಂಕ ಗಳಿಸಿದರು. ಬುಲ್ಸ್ 108, ಲೇಕರ್ಸ್ 101. ಇಪ್ಪತ್ತೈದನೆಯ ಸಾಲಿನಲ್ಲಿ ಮೊದಲ ಪ್ರಶಸ್ತಿ! ಜೋರ್ಡನ್ ಅದನ್ನು ತಬ್ಬಿಕೊಂಡು ಅತ್ತುಬಿಟ್ಟರು.

1998ರೊಳಗೆ ಈ ತಂಡ ಇನ್ನೂ ಐದು ಸಲ ಗೆದ್ದಿತು.

ಹೊಸ ಪದಗಳು
ಸರಾಸರಿ: ಒಟ್ಟು ಅಂಕವನ್ನು ಪಂದ್ಯಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವುದು
ಎದುರಾಳಿ: ಎದುರು ಪಕ್ಷದಲ್ಲಿ ಆಡುವವರು
ತರಬೇತುದಾರ: ಆಟ ಕಲಿಸುವವರು

ಉತ್ತರ ಬರೆಯಿರಿ
1. ಪಿಸ್ಟನ್ಸ್ ತಂಡ ಜೋರ್ಡನ್‌ರನ್ನು ಹೇಗೆ ತಡೆಯುತ್ತಿತ್ತು?
2. ಕೊನೆಯ ಹೊತ್ತಿನಲ್ಲಿ ಜೋರ್ಡನ್ ಯಾರಿಗೆ ಚೆಂಡು ಕೊಟ್ಟರು? ಏಕೆ?

ಲೆಕ್ಕ ಮಾಡಿ
ಜೋರ್ಡನ್ 37 ಅಂಕ ಗಳಿಸಿದ ಸಾಲಿನಲ್ಲಿ ತಂಡಕ್ಕೆ 40 ಗೆಲುವು. 31 ಅಂಕ ಗಳಿಸಿದ ಸಾಲಿನಲ್ಲಿ 61 ಗೆಲುವು. ಗೆಲುವು ಎಷ್ಟು ಹೆಚ್ಚಾಯಿತು?

ಕೂತು ಮಾತಾಡಿ
ನಿಮ್ಮ ಮನೆಯಲ್ಲಿ, ಹೊಲದಲ್ಲಿ ಎಲ್ಲ ಕೆಲಸವೂ ಒಬ್ಬರ ಮೇಲೇ ಬಿದ್ದಿದೆಯೇ? ಅವರು ಯಾರು? ಅದರಲ್ಲಿ ಯಾವ ಕೆಲಸವನ್ನು ಬೇರೆಯವರು ವಹಿಸಿಕೊಳ್ಳಬಹುದು?