ಎಲ್ಲಿ ಹೋತು ಆ ಮಾತು?

ಮಹಾರಾಷ್ಟ್ರದ ಜತ್ತ ತಾಲೂಕಿನ ತಿಕೋಂಡಿಯ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತು, ಸಾಂಗ್ಲಿಯಲ್ಲಿ ಕಾನೂನು ಓದಿ, 2003ರಲ್ಲಿ ಸನದು ಪಡೆದು ಜತ್ತ ಕೋರ್ಟಿನ ಮೆಟ್ಟಿಲು ಹತ್ತಿದೆ. ನಮ್ಮ ಮನೆಮಾತು ಕನ್ನಡ, ಕೋರ್ಟಿನ ಭಾಷೆ ಮರಾಠಿ, ಕಾಯ್ದೆ ಪುಸ್ತಕದ್ದು ಇಂಗ್ಲಿಷು. ಮೂರೂ ಬರುತ್ತಿದ್ದುದರಿಂದ ತಾಲೂಕಿನ ಪೂರ್ವಭಾಗದ ಕನ್ನಡ ಹಳ್ಳಿಗಳ ಜನ ನನ್ನನ್ನು ಹುಡುಕಿಕೊಂಡು ಬರತೊಡಗಿದರು. ಭಾಷೆ ಬರುವುದೇ ಬೇರೆ, ಕಕ್ಷಿದಾರರ ಮಾತು ಕೇಳಿಸಿಕೊಳ್ಳುವುದೇ ಬೇರೆ ಎಂದು ನನಗೆ ಕಲಿಸಿದವರು ಒಬ್ಬ ಆಯಿ.

2006ರಲ್ಲಿ ಅವರು ಬಂದರು. ಗಂಡ ತೀರಿಕೊಂಡ ಮೇಲೆ ನಾಲ್ಕು ಎಕರೆ ಜೋಳದ ಹೊಲವನ್ನು ಮೈದುನನಿಗೆ ಪಾಲಿಗೆ ಹಚ್ಚಿದ್ದರು. ಮೊದಮೊದಲು ಸುಗ್ಗಿಯಲ್ಲಿ ಅರ್ಧದಷ್ಟು ಚೀಲಗಳು ಬರುತ್ತಿದ್ದವು, ಆಮೇಲೆ ನಿಂತವು. ಕೊನೆಗೆ ಮೈದುನ, ‘ಹೊಲ ನನಗೇ ಕೊಟ್ಟಾಳ, ಹನ್ನೆರಡು ವರ್ಷದ ಮ್ಯಾಲೆ ನನ್ನ ಕಬ್ಜಾದಾಗ ಐತಿ’ ಎಂದ. ಆಯಿ ನನ್ನೆದುರು ಕೂತು ಹೇಳಿದ್ದು ಒಂದೇ ಮಾತು: ‘ಹೊಲಾ ಅವಗ ಮಾಡಾಕ ಕೊಟ್ಟೀನಿ ತಮ್ಮಾ, ಇಟ್ಕೊಳ್ಳಾಕ ಕೊಟ್ಟಿಲ್ಲ.’

ಇಡೀ ದಾವೆಯ ಜೀವ ಆ ‘ಮಾಡಾಕ’ದಲ್ಲಿತ್ತು. ಮಾಲೀಕರ ಒಪ್ಪಿಗೆಯಿಂದ ಉಳುವವನು ಎಷ್ಟು ವರ್ಷ ಉತ್ತರೂ, ಅಷ್ಟರಿಂದಲೇ ಹೊಲ ಅವನದಾಗುವುದಿಲ್ಲ. ಒಪ್ಪಿಗೆ ಇಲ್ಲದೆ, ತನ್ನದೇ ಎಂದು ಎಲ್ಲರಿಗೂ ಗೊತ್ತಾಗುವಂತೆ ಹನ್ನೆರಡು ವರ್ಷ ಇಟ್ಟುಕೊಂಡವನು ಮಾತ್ರ ಹಕ್ಕು ಹೇಳಬಹುದು.

ಸಿವಿಲ್ ದಾವೆಗಳಲ್ಲಿ 2002ರ ತಿದ್ದುಪಡಿಯಿಂದ ಮುಖ್ಯ ವಿಚಾರಣೆಯೆಲ್ಲ ಅಫಿಡವಿಟ್ಟಿನಲ್ಲೇ ನಡೆಯುತ್ತದೆ. ಸಾಕ್ಷಿ ಹೇಳಬೇಕಾದುದನ್ನು ವಕೀಲ ಮೊದಲೇ ಬರೆದು ಸಲ್ಲಿಸುತ್ತಾನೆ. ಬಾಯಿಂದ ಕೇಳುವುದು ಪಾಟೀ ಸವಾಲಿನಲ್ಲಿ. ಆಯಿಯ ಅಫಿಡವಿಟ್ಟಿಗೆ ಮರುದಿನವೇ ತಾರೀಖು ಇತ್ತು. ರಾತ್ರಿ ಕೂತು ಮರಾಠಿಯಲ್ಲಿ ಬರೆದೆ: ‘ಜಮೀನ್ ದೀರಾಸ ದಿಲೀ.’ ಜಮೀನು ಮೈದುನನಿಗೆ ಕೊಟ್ಟೆ, ಅಷ್ಟೇ. ‘ಕಸಾಯಲಾ’, ಅಂದರೆ ‘ಮಾಡಾಕ’, ಎಂಬ ಒಂದು ಪದ ನನ್ನ ಪೆನ್ನಿನಿಂದ ಬಿಟ್ಟುಹೋಯಿತು. ಬೆಳಿಗ್ಗೆ ಆಯಿ ನಂಬಿಕೆಯಿಂದ ಹೆಬ್ಬೆಟ್ಟು ಒತ್ತಿದರು. ನಾನು ಓದಿ ಹೇಳಲಿಲ್ಲ.

ಪಾಟೀ ಸವಾಲಿನಲ್ಲಿ ಎದುರು ವಕೀಲರು ಆ ಸಾಲಿನ ಮೇಲೆಯೇ ಬೆರಳಿಟ್ಟರು. ಆಮೇಲೆ ಕೇಳಿದರು: ಇದರಲ್ಲಿ ಏನು ಬರೆದಿದೆ, ಗೊತ್ತೇ? ಆಯಿ ನಿಜವನ್ನೇ ಹೇಳಿದರು: ‘ಗೊತ್ತಿಲ್ರಿ. ನಮ್ಮ ವಕೀಲ್ರು ಬರದಾರ, ನಾ ಹೆಬ್ಬಟ್ಟ ಒತ್ತೀನಿ.’ ಮರುವಿಚಾರಣೆಗೆ ಎದ್ದು ನಿಂತು ಸರಿಪಡಿಸುವ ಅವಕಾಶ ನನಗಿತ್ತು. ಮೂರು ವರ್ಷದ ವಕೀಲ, ಎದೆ ಬಡಿಯುತ್ತಿತ್ತು, ಕೂತೇ ಇದ್ದೆ.

ಹೊರಗೆ ಬೇವಿನ ಗಿಡದ ಕೆಳಗೆ ಆಯಿ ಕೇಳಿದರು: ‘ಮಾಡಾಕ ಕೊಟ್ಟೀನಿ ಅಂದಿದ್ನಲ್ಲೋ ತಮ್ಮಾ, ಎಲ್ಲಿ ಹೋತು ಆ ಮಾತು?’

ದಾವೆ ವಜಾ ಆಯಿತು. ಸಾಂಗ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹೋದೆ, ಫೀ ಮುಟ್ಟಲಿಲ್ಲ. ದಾವೆ ಅರ್ಜಿಯಲ್ಲಿ ‘ಪಾಲಿಗೆ’ ಎಂದೇ ಬರೆದಿತ್ತು, ಚೀಲ ಹಂಚಿದ್ದನ್ನು ಕಂಡ ನೆರೆಹೊಲದವರ ಸಾಕ್ಷಿಯೂ ಇತ್ತು. ಅವನ್ನೆಲ್ಲ ಕೂಡಿಸಿ ಓದಿದ ಮೇಲೆ ತೀರ್ಪು ಆಯಿಯ ಕಡೆ ಆಯಿತು. ಆದರೆ ಆರು ವರ್ಷ ಹಿಡಿಯಿತು. ಆ ಆರು ವರ್ಷ ಅವರು ಬೇರೆಯವರ ಹೊಲದಲ್ಲಿ ಕೂಲಿ ಮಾಡಿದರು. ಆ ಲೆಕ್ಕ ನನ್ನ ಮೇಲಿದೆ.

ಅಂದಿನಿಂದ ಅಫಿಡವಿಟ್ಟಿನ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳದೆ ಯಾರ ಹೆಬ್ಬೆಟ್ಟನ್ನೂ ತೆಗೆದುಕೊಂಡಿಲ್ಲ. ಓದಿ ಹೇಳಿದ್ದನ್ನು ಕೆಳಗೆ ಬರೆದು ಸಹಿ ಹಾಕುತ್ತೇನೆ. ಸಾಕ್ಷಿಗೆ ಗೊತ್ತಿಲ್ಲದ ಭಾಷೆಯಲ್ಲಿ ಹೇಳಿಕೆ ದಾಖಲಾದರೆ, ಅದನ್ನು ಆತ ನುಡಿದ ಭಾಷೆಯಲ್ಲೇ ತಿಳಿಸಿ ಹೇಳಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 6ನೇ ನಿಯಮ ಹೇಳುತ್ತದೆ. ಕ್ರಿಮಿನಲ್ ಪ್ರಕರಣದಲ್ಲಿ ಆರೋಪಿಗೆ ತಿಳಿಯದ ಭಾಷೆಯ ಸಾಕ್ಷ್ಯವನ್ನು ತೆರೆದ ನ್ಯಾಯಾಲಯದಲ್ಲೇ ಅವನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಇವು ಕೇಳಿ ಪಡೆಯಬೇಕಾದ ಹಕ್ಕುಗಳು. ವಕೀಲ ಎದ್ದು ನಿಂತು ಕೇಳದಿದ್ದರೆ ಪುಸ್ತಕದಲ್ಲೇ ಉಳಿಯುತ್ತವೆ.

ಇನ್ನೊಂದು ಹಕ್ಕು ಆಗ ನಾನು ಆಯಿಗೆ ಹೇಳಿಯೇ ಇರಲಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ, ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳು ಉಚಿತ ಕಾನೂನು ನೆರವಿಗೆ ಅರ್ಹರು. ಈಗ ಕಚೇರಿಗೆ ಬಂದ ಪ್ರತಿ ಹೆಣ್ಣುಮಗಳಿಗೂ ಫೀ ಮಾತಿಗಿಂತ ಮೊದಲು ಇದನ್ನು ಹೇಳುತ್ತೇನೆ.

ನಮ್ಮ ಭಾಗದ ಜನ ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ತಾರೀಖು ಕೇಳುವಾಗ ಅದೂ ನೆನಪಿರಬೇಕು. ದೂರದ್ದೂ ಹಾಗೆಯೇ: ಹೈಕೋರ್ಟಿಗೆಂದು ಮುಂಬೈ ಬಸ್ಸಿನಲ್ಲಿ ರಾತ್ರಿಯಿಡೀ ಕೂತು ಹೋಗುತ್ತಿದ್ದೆವು. 2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಸರ್ಕ್ಯೂಟ್ ಪೀಠ ಆರಂಭವಾಗಿ ಸಾಂಗ್ಲಿ ಜಿಲ್ಲೆಯ ಪ್ರಕರಣಗಳೂ ಅಲ್ಲಿಗೆ ಬಂದಿವೆ. ಬಡವರ ಪಾಲಿಗೆ ದೂರ ಕಡಿಮೆಯಾಗುವುದೂ ನ್ಯಾಯವೇ.

ಅಪೀಲಿನ ತೀರ್ಪು ಬಂದ ಸಂಜೆ ಪ್ರತಿ ಹಿಡಿದು ಆಯಿಯ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಮರಾಠಿ ತೀರ್ಪನ್ನು ಸಾಲು ಸಾಲಾಗಿ ಕನ್ನಡ ಮಾಡುತ್ತ ಹೋದೆ. ‘ಕಸಾಯಲಾ ದಿಲೀ’ ಎಂಬಲ್ಲಿ ಬಂದು ‘ಮಾಡಾಕ ಕೊಟ್ಟಾರ’ ಎಂದೆ. ಆಯಿ ಕೈ ಎತ್ತಿ ನನ್ನನ್ನು ತಡೆದರು.

‘ಅದನ್ನ ಇನ್ನೊಮ್ಮೆ ಓದು, ತಮ್ಮಾ.’

ಓದಿದೆ.