ಟಿಕೆಟ್ಟಿನಲ್ಲಿ ಕಾಣದ ಒಂದೂವರೆ ತಾಸು

"ಎರಡೂವರೆ ತಾಸಿನ್ಯಾಗ ನನ್ನ ಮಗ ದುಬೈ ಮುಟ್ಟತಾನಂತ್ರಿ ಸರ್" ಎಂದು ಲಕ್ಕುಂಡಿಯ ತಾಯಿಯೊಬ್ಬರು ಟಿಕೆಟ್ಟಿನ ಹಾಳೆ ತೋರಿಸಿದರು. ಬೆಂಗಳೂರು ಬಿಡುವುದು ಬೆಳಿಗ್ಗೆ 10ಕ್ಕೆ, ದುಬೈ ಮುಟ್ಟುವುದು 12.30ಕ್ಕೆ. ಅವರು ಕಳೆದ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಎರಡು ವೇಳೆಗಳು ಒಂದೇ ಗಡಿಯಾರದವಲ್ಲ. ವಿಮಾನದ ಟಿಕೆಟ್ಟಿನಲ್ಲಿ ಆಯಾ ಊರಿನ ವೇಳೆಯನ್ನೇ ಹಾಕುತ್ತಾರೆ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಅಲ್ಲಿ 12.30 ಆದಾಗ ಇಲ್ಲಿ ಮಧ್ಯಾಹ್ನ 2. ಹಾಗಾಗಿ ಪ್ರಯಾಣ ನಾಲ್ಕು ತಾಸಿನದು.

ಈ ಹಿಂದು-ಮುಂದು ಏಕೆ? ನಮ್ಮೂರ ಕಾಶಿವಿಶ್ವನಾಥ ಗುಡಿಯಲ್ಲಿ ಶಿವನಿಗೆ ಎದುರಾಗಿ ಸೂರ್ಯನದೊಂದು ಚಿಕ್ಕ ಗುಡಿ ಇದೆಯಲ್ಲ, ಉತ್ತರ ಹೇಳುವವನು ಆ ಸೂರ್ಯನೇ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳು ನೋಡಿ. ಅದು ತೀರ ಗಿಡ್ಡಾಗುವುದು 12ಕ್ಕಲ್ಲ, ವರ್ಷದ ಸರಾಸರಿಯಲ್ಲಿ 12.27ರ ಹೊತ್ತಿಗೆ. ಭಾರತದ ಗಡಿಯಾರ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಲಕ್ಕುಂಡಿ ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿ ದಾಟಲು ಸೂರ್ಯನಿಗೆ ನಾಲ್ಕು ನಿಮಿಷ ಬೇಕು. ನಮ್ಮ ನೆತ್ತಿ ದಾಟಿದವನು ದುಬೈ ನೆತ್ತಿಗೆ ಬರಲು ಇನ್ನೂ 80 ನಿಮಿಷದ ಮೇಲೆ ಹಿಡಿಯುತ್ತದೆ.

ಇನ್ನು ದೂರ. ಗೋಡೆಯ ನಕಾಶೆಯ ಮೇಲೆ ಸ್ಕೇಲು ಇಡಬೇಡಿ, ದುಂಡು ಭೂಮಿಯನ್ನು ಚಪ್ಪಟೆ ಮಾಡಿದಾಗ ಅಳತೆ ಕೆಡುತ್ತದೆ. ಶಾಲೆಯ ಗ್ಲೋಬು ತೆಗೆದುಕೊಳ್ಳಿ, ಬೆಂಗಳೂರಿನಿಂದ ದುಬೈಗೆ ದಾರ ಬಿಗಿಯಾಗಿ ಎಳೆಯಿರಿ. ಗ್ಲೋಬಿನ ಸುತ್ತಳತೆ ಒಂದು ಮೀಟರ್ ಇದ್ದರೆ ದಾರ ಸುಮಾರು ಆರೂಮುಕ್ಕಾಲು ಸೆಂಟಿಮೀಟರ್ ಬರುತ್ತದೆ. ಭೂಮಿಯ ಸುತ್ತಳತೆ 40,000 ಕಿ.ಮೀ. ಆದ್ದರಿಂದ ಒಂದು ಸೆಂಟಿಮೀಟರಿಗೆ 400 ಕಿ.ಮೀ., ಒಟ್ಟು 2,700. ಮಕ್ಕಳು ತಾವೇ ದಾರ ಹಿಡಿದು ಈ ಸಂಖ್ಯೆ ಕಂಡುಕೊಂಡಾಗ ಅವರ ಮುಖ ನೋಡಬೇಕು!

ಗಂಟೆಗೆ 850 ಕಿ.ಮೀ. ಓಡುವ ವಿಮಾನಕ್ಕೆ ಇದು ಮೂರು ತಾಸಿನ ಮೇಲೆ ಹತ್ತು ನಿಮಿಷದ ದಾರಿ. ಉಳಿದ ಹೊತ್ತು ರನ್‌ವೇವರೆಗೆ ಉರುಳಲು, ಏರಲು, ಇಳಿಯಲು, ಇಳಿಯುವ ಸರದಿ ಕಾಯಲು. ಬರುವಾಗ ಸಾಮಾನ್ಯವಾಗಿ ಅರ್ಧ ತಾಸು ಉಳಿಯುತ್ತದೆ; ಚಳಿಗಾಲದಲ್ಲಿ ಮೇಲೆ ಪಶ್ಚಿಮದಿಂದ ಬೀಸುವ ಬಲವಾದ ಗಾಳಿ ಬೆನ್ನಿಗಿರುತ್ತದೆ.

ಇದೆಲ್ಲ ಆಕಾಶದ ಲೆಕ್ಕ. ನೆಲದ ಮೇಲೆ, ಲಕ್ಕುಂಡಿಯಿಂದ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೇ ಸುಮಾರು 70 ಕಿ.ಮೀ. ಅಲ್ಲಿಂದ ಬೆಂಗಳೂರಿಗೆ ಹಾರಿದರೂ ಒಂದು ತಾಸಿನ ಮೇಲಾಗುತ್ತದೆ. ಹೊರದೇಶದ ವಿಮಾನಕ್ಕೆ ಮೂರು ತಾಸು ಮೊದಲೇ ದೇವನಹಳ್ಳಿಯಲ್ಲಿರಬೇಕು. ಹಾಗಾಗಿ ಹುಡುಗ ಹಿಂದಿನ ದಿನವೇ ಮನೆ ಬಿಡುವುದು ಒಳ್ಳೆಯದು.

ಆ ತಾಯಿಗೆ ಕೊನೆಗೆ ಹೇಳಿದ್ದಿಷ್ಟು: "12.30ಕ್ಕೆ ಫೋನ್ ಬರಲಿಲ್ಲ ಅಂತ ಗಾಬರಿ ಆಗಬ್ಯಾಡ್ರಿ ಅವ್ವಾ. ಆಗ ಅವ ಇನ್ನೂ ಮೋಡದ ಮ್ಯಾಲೇ ಇರತಾನ. ಎರಡಕ್ಕ ಇಳೀತಾನ, ಪಾಸ್‌ಪೋರ್ಟ್ ಸಾಲು, ಸಾಮಾನು ಅಂತ ಇನ್ನೊಂದು ತಾಸು. ಮೂರರ ಮ್ಯಾಲೆ ಹಾದಿ ನೋಡ್ರಿ."