ಎಣಿಸುವ ಮುನ್ನ ನಂಟು ಕೇಳು

ಮೊನ್ನೆ ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ ಕಣಮ್ಮ. ವಿದ್ಯುತ್ ಕ್ಷೇತ್ರಕ್ಕೆ ಪ್ರತಿ ಬಿಂದುವಿನಲ್ಲೂ ಮೂರು ಘಟಕ. ವಿಭವ ಮಾತ್ರ ಒಂದೇ ಸಂಖ್ಯೆ. ಒಂದರೊಳಗೆ ಮೂರು ಹೇಗೆ ಹಿಡಿಸಿತು? ಹೋಗಲಿ, ನಿಶ್ಚಲ ಆವೇಶಗಳ ಕ್ಷೇತ್ರದ ಕರ್ಲ್ ಸೊನ್ನೆ ಎಂಬುದನ್ನು ಬಿಡಿಸಿ ಬರೆದರೆ ಮೂರು ಸಮೀಕರಣ. ಮೂರರಲ್ಲಿ ಮೂರು ಕಳೆದರೆ ಏನೂ ಉಳಿಯಬಾರದಲ್ಲ, ಎಂದೂ ಕೇಳಿದೆ.

ಒಂದು ಮನೆಯಲ್ಲಿ ಮೂವರು ಮಕ್ಕಳು. ದೊಡ್ಡವನು ನಡುವಿನವಳಿಗಿಂತ 3 ವರ್ಷ ಹಿರಿಯ, ನಡುವಿನವಳು ಕಿರಿಯನಿಗಿಂತ 2 ವರ್ಷ ಹಿರಿಯಳು. ಆಮೇಲೆ ಯಾರಾದರೂ ಬಂದು, ದೊಡ್ಡವನಿಗೂ ಕಿರಿಯನಿಗೂ 5 ವರ್ಷದ ಅಂತರ ಎಂದರೆ ಅದು ಹೊಸ ಸುದ್ದಿಯೇ? ಮಾತು ಮೂರು, ಸುದ್ದಿ ಎರಡೇ.

ಕರ್ಲ್‌ನದೂ ಇದೇ ಕಥೆ. ಯಾವ ಸದಿಶ ಕ್ಷೇತ್ರದ ಕರ್ಲ್ ತೆಗೆದರೂ ಅದರ ಡೈವರ್ಜೆನ್ಸ್ ತಾನಾಗಿಯೇ ಸೊನ್ನೆ. ಹಾಗಾಗಿ ಆ ಮೂರು ಸಮೀಕರಣಗಳ ನಡುವೆ ಮೊದಲೇ ಒಂದು ನಂಟಿದೆ. ಎರಡು ಎಲ್ಲೆಡೆ ನಿಜವಾದರೆ, ಮೂರನೆಯದನ್ನು ಒಂದು ಸಮತಲದ ಮೇಲೆ ಪರೀಕ್ಷಿಸಿದರೆ ಸಾಕು, ಉಳಿದೆಡೆ ಅದು ತಾನೇ ನಿಜವಾಗುತ್ತದೆ. ಆದ್ದರಿಂದ ಮೂರರಲ್ಲಿ ಕಳೆಯಬೇಕಾದ್ದು ಎರಡು. ಉಳಿದ ಆ ಒಂದೇ ವಿಭವ.

ನಂಬಬೇಡ, ಕೈಯಾರೆ ಮಾಡಿ ನೋಡು. ಎಕ್ಸ್ ದಿಕ್ಕಿನ ಘಟಕ ಎಕ್ಸ್ ಮತ್ತು ವೈಗಳ ಗುಣಲಬ್ಧದ ಎರಡರಷ್ಟು ಎಂದಿಟ್ಟುಕೊ. ಕರ್ಲ್ ಸೊನ್ನೆಯಾಗಬೇಕಾದರೆ ವೈ ದಿಕ್ಕಿನ ಘಟಕದಲ್ಲಿ ಎಕ್ಸ್‌ನ ವರ್ಗ ಬಂದೇ ತೀರಬೇಕು. ಅದರ ಜೊತೆಗೆ ನಿನ್ನಿಷ್ಟದಂತೆ ಸೇರಿಸಲು ಸಿಗುವುದು ಎಕ್ಸ್‌ನ ಸುಳಿವೇ ಇಲ್ಲದ ಪದ ಮಾತ್ರ. ಒಂದು ಘಟಕವನ್ನು ಮುಟ್ಟಿದರೆ ಉಳಿದವೂ ಅಲುಗುತ್ತವೆ ಎನ್ನುವುದು ಆಗ ನಿನ್ನ ಬೆರಳಿಗೇ ತಿಳಿಯುತ್ತದೆ.

ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ತಂದೆಯ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದ ಜಾರ್ಜ್ ಗ್ರೀನ್ 1828ರಲ್ಲಿ ವಿದ್ಯುತ್ತು, ಕಾಂತತ್ವಗಳ ಗಣಿತದ ಬಗ್ಗೆ ಒಂದು ಪ್ರಬಂಧ ಅಚ್ಚು ಹಾಕಿಸಿದರು. ಈ ಒಂದು ಫಲನಕ್ಕೆ ವಿಭವವೆಂಬ ಹೆಸರನ್ನು ಬಳಸಿದ್ದು ಅದರಲ್ಲೇ. ಮೂರು ಘಟಕಗಳ ಹೊರೆ ಒಂದಕ್ಕಿಳಿದರೆ ಲೆಕ್ಕ ಎಷ್ಟು ಹಗುರವೆಂದು ಇಂದಿಗೂ ಪಾಯ್ಸಾನ್ ಸಮೀಕರಣ ಬಿಡಿಸುವವರಿಗೆಲ್ಲ ಗೊತ್ತು.

ಒಂದು ಎಚ್ಚರವನ್ನೂ ಹೇಳಿಬಿಡುತ್ತೇನೆ. ಇದು ಆವೇಶಗಳು ನಿಂತಲ್ಲೇ ನಿಂತಾಗಿನ ಮಾತು. ಕಾಂತಕ್ಷೇತ್ರ ಕಾಲದೊಂದಿಗೆ ಬದಲಾಗುತ್ತಿದ್ದರೆ, ಫ್ಯಾರಡೆ ನಿಯಮದ ಪ್ರಕಾರ ಕರ್ಲ್ ಸೊನ್ನೆಯಾಗಿ ಉಳಿಯುವುದಿಲ್ಲ. ಈ ವಿಭವವೊಂದೇ ಆಗ ಸಾಲದು. ನಂಟು ಕೇಳುವ ಪಾಠ ಮಾತ್ರ ಆಗಲೂ ಸಲ್ಲುತ್ತದೆ. ನಿರ್ವಾತದಲ್ಲಿ ಸಾಗುವ ಬೆಳಕಿನ ಅಲೆಯನ್ನೇ ನೋಡು: ವಿದ್ಯುತ್ತಿನ ಮೂರು, ಕಾಂತದ ಮೂರು, ಒಟ್ಟು ಆರು ಘಟಕ. ಆದರೂ ಒಂದು ದಿಕ್ಕಿಗೆ ಹೊರಟ ಅಲೆಗೆ ಸ್ವತಂತ್ರ ಧ್ರುವೀಕರಣಗಳು ಎರಡೇ.

ಅದಕ್ಕೇ ಹೇಳುವುದು ಕಣಮ್ಮ, ಘಟಕ ಎಷ್ಟು, ಸಮೀಕರಣ ಎಷ್ಟು ಎಂದು ಎಣಿಸಿದ ಕೂಡಲೇ ಕಳೆಯಲು ಹೊರಡಬೇಡ. ಇವುಗಳಲ್ಲಿ ಯಾವುದು ಯಾವುದರ ಮಾತನ್ನೇ ಮತ್ತೆ ಹೇಳುತ್ತಿದೆ ಎಂದು ಮೊದಲು ಕೇಳು. ಉತ್ತರ ಸಿಕ್ಕಿದ ದಿನ ಭೌತಶಾಸ್ತ್ರದ ಅರ್ಧ ಭಯ ನಿನ್ನನ್ನು ಬಿಟ್ಟು ಹೋಗುತ್ತದೆ.